ಅಟ್ಟಕ್ಕೆ ಹಾಕಿದ ಕೆಂಪು ಪೆಟ್ಟಿಗೆ

ಇಲ್ಲಿಗೆ ಬಂದ ಮೊದಲ ಚಳಿಗಾಲದ ಒಂದು ಬೆಳಿಗ್ಗೆ ನಾನು ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು ಬರಿಗಾಲಲ್ಲಿ ಹಿಮದ ಮೇಲೆ ಓಡಿದೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಸೂರಿನ ಕೆಳಗಿನ ಗೋಡೆಯಿಂದ ಬಿಳಿ ಹೊಗೆ ಬುಸುಬುಸು ಬರುತ್ತಿತ್ತು. "ಬೆಂಕಿ ಬಿದ್ದೈತ್ರೀ! ಯಾರಾದ್ರೂ ಬರ್ರೀ!" ಎಂದು ನಮ್ಮ ಕಂಪ್ಲಿ ಕನ್ನಡದಲ್ಲೇ ಕೂಗಿದೆ. ನಾಯಿ ಹಿಡಿದು ಹೋಗುತ್ತಿದ್ದ ಎದುರು ಮನೆಯ ಮುದುಕ ಒಮ್ಮೆ ಹೊಗೆಯನ್ನು ನೋಡಿದ, ಒಮ್ಮೆ ನನ್ನ ಕಾಲನ್ನು ನೋಡಿದ, ಕೈ ಎತ್ತಿ ಗುಡ್ ಮಾರ್ನಿಂಗ್ ಅಂದು ಮುಂದೆ ಹೋದ. ನಮ್ಮೂರಲ್ಲಿ ಹಾಗೆ ಕೂಗಿದ್ದರೆ ಅರ್ಧ ಓಣಿ ಕೊಡ ಹೊತ್ತು ಬರುತ್ತಿತ್ತು, ಉಳಿದರ್ಧ ಬುದ್ಧಿ ಹೇಳಲು ಬರುತ್ತಿತ್ತು. ಇಲ್ಲಿ ನನ್ನ ಮನೆ ಉರಿಯುತ್ತಿದೆ, ಇವನಿಗೆ ಗುಡ್ ಮಾರ್ನಿಂಗು! ಆಮೇಲೆ ತಲೆ ಎತ್ತಿ ಸುತ್ತ ನೋಡಿದೆ. ಬೀದಿಯ ಪ್ರತಿ ಮನೆಯೂ ಹಾಗೇ ಹೊಗೆ ಬಿಡುತ್ತ ನಿಂತಿತ್ತು. ನಾನು ಬಕೆಟ್ಟನ್ನು ಹಿಮದ ಮೇಲೆ ಬೋರಲು ಹಾಕಿ ಒಳಗೆ ಬಂದೆ.

ಈ ಊರಿನ ಹೆಸರು ಕಾಮ್‌ಲೂಪ್ಸ್. ಕೆನಡಾದ ಪಶ್ಚಿಮಕ್ಕಿದೆ. ನನ್ನ ಗಂಡ ಪಂಪಾಪತಿ ದೋಣಿಮಲೈ ಗಣಿಯಲ್ಲಿ ಡಂಪರ್ ಮೆಕ್ಯಾನಿಕ್ ಆಗಿದ್ದವರು. ಅದೇ ಕೈಕೆಲಸ ನಮ್ಮನ್ನು ಇಲ್ಲಿಯ ಗಣಿಗೆ ತಂದು ಹಾಕಿತು. ಅಲ್ಲಿ ಬಟ್ಟೆಗೆ ಕೆಂಪು ಧೂಳು ಹತ್ತುತ್ತಿತ್ತು, ಇಲ್ಲಿ ಬೂದು ಧೂಳು ಹತ್ತುತ್ತದೆ, ಒಗೆಯುವವಳು ನಾನೇ. ದೇವರಾಣೆ ಹೇಳುತ್ತೇನೆ, ಬೇಸಿಗೆಯಲ್ಲಿ ಈ ಊರು ಹೊಸಪೇಟೆಯ ದಾಯಾದಿಯಂತೆ ಕಾಣುತ್ತದೆ. ಅದೇ ಬೋಳು ಗುಡ್ಡ, ಅದೇ ಕಣ್ಣು ಕುಕ್ಕುವ ಬಿಸಿಲು, ಊರ ನಡುವೆ ಹೊಳೆ. ಹಂಪಿಯಲ್ಲಾದರೆ ಹೊಳೆಯ ದಂಡೆಗೆ ಬಂಡೆಗಳಿವೆ, ಬಂಡೆಗಳಿಗೆ ದೇವರುಗಳಿದ್ದಾರೆ. ಇಲ್ಲಿ ದಂಡೆಗೆ ರೈಲುಹಳಿ ಇದೆ. ನವೆಂಬರ್ ಬಂತೆಂದರೆ ಈ ದಾಯಾದಿ ಮುಖ ತಿರುಗಿಸುತ್ತಾನೆ.

ಹೊಗೆಯ ಸಂಗತಿಯನ್ನು ನನಗೆ ತಿಳಿಸಿ ಹೇಳಿದವನು ಹರಜೀತ್. ಗ್ಯಾಸಿನ ಕೆಲಸದ ಲೈಸೆನ್ಸ್ ಇರುವ ಪಂಜಾಬಿ ಹುಡುಗ. ಮನೆ ಮಾಲೀಕನ ಪರವಾಗಿ ವರ್ಷಕ್ಕೊಮ್ಮೆ ಫರ್ನೇಸ್ ನೋಡಲು ಬರುತ್ತಾನೆ. ಫರ್ನೇಸ್ ಅಂದರೆ ನಮ್ಮ ಕಡೆ ಕಬ್ಬಿಣ ಕರಗಿಸುವ ಕುಲುಮೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವಾಗ ಬಸ್ಸಿನಿಂದ ಎಷ್ಟು ಸಲ ನೋಡಿಲ್ಲ! ಇಲ್ಲಿ ಅದು ಮನೆ ಬೆಚ್ಚಗಿಡುವ ಯಂತ್ರ, ಬೀರುವಿನಷ್ಟು ದೊಡ್ಡದು. ಗ್ಯಾಸು ಉರಿಸಿ, ಗಾಳಿ ಕಾಯಿಸಿ, ಕೊಳವೆಗಳಲ್ಲಿ ಕೋಣೆಕೋಣೆಗೆ ತಳ್ಳುತ್ತದೆ. ಇತರರ ಮನೆಗಳಲ್ಲಿ ಅದು ನೆಲಮಾಳಿಗೆಯಲ್ಲಿರುತ್ತದೆ. ನಮ್ಮ ಬಾಡಿಗೆ ಮನೆಗೆ ನೆಲಮಾಳಿಗೆ ಇಲ್ಲದ್ದರಿಂದ ಅಟ್ಟಕ್ಕೆ ಏರಿಸಿದ್ದರು.

ಹರಜೀತನ ಹಿಂದಿಯನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ. ಹಳೆಯ ಫರ್ನೇಸುಗಳು ಸುಡುವ ಹೊಗೆಯನ್ನು ಹಾಗೇ ಚಿಮಣಿಗೆ ಬಿಡುತ್ತಿದ್ದವು. ಹೊಸತು ಜಿಪುಣ. ನನ್ನ ಗಂಡನ ಊರು ಎಮ್ಮಿಗನೂರಿನ ಗಾಣದಲ್ಲಿ ಕಬ್ಬಿನ ಸಿಪ್ಪೆಯನ್ನು ಇನ್ನೊಮ್ಮೆ ತುರುಕಿ ಉಳಿದ ರಸ ತೆಗೆಯುತ್ತಾರಲ್ಲ, ಹಾಗೆ ಹೊಗೆಯನ್ನೂ ಹಿಂಡಿ ಬಿಸಿ ಕಿತ್ತುಕೊಳ್ಳುತ್ತದೆ. ಹಿಂಡಿಸಿಕೊಂಡ ಹೊಗೆ ತಣ್ಣಗಾಗಿ, ಅದರಲ್ಲಿದ್ದ ಆವಿ ನೀರಾಗಿ ಇಳಿಯುತ್ತದೆ. ಈ ನೀರಿಗೆ ಕಂಡೆನ್ಸೇಟ್ ಅನ್ನುತ್ತಾರೆ. ಹೊಗೆ ಬಿಳಿ ಪ್ಲಾಸ್ಟಿಕ್ ಪೈಪಿನಲ್ಲಿ ಗೋಡೆಯ ಆಚೆ ಹೋಗಬೇಕು, ನೀರು ಸಣ್ಣ ನಳಿಗೆಯಲ್ಲಿ ಬಚ್ಚಲಿಗೆ ಇಳಿಯಬೇಕು. ನೀರು ಹುಳಿಯಾಗಿರುವುದರಿಂದ ಬಚ್ಚಲ ಕೊಳವೆ ತಿಂದುಹೋಗದಂತೆ ನಡುವೆ ಒಂದು ಡಬ್ಬಿಯಲ್ಲಿ ಸುಣ್ಣದ ಕಲ್ಲು ತುಂಬಿರುತ್ತಾರೆ. ಎರಡು ದಾರಿಗಳಲ್ಲಿ ಯಾವುದು ಕಟ್ಟಿದರೂ ಯಂತ್ರ ತಾನೇ ನಿಂತುಬಿಡುತ್ತದೆ, ನಿಲ್ಲಲೇಬೇಕು. ಇಲ್ಲದಿದ್ದರೆ ವಿಷದ ಗಾಳಿ ಮನೆಯೊಳಗೆ ಬರುತ್ತದೆ.

"ಅಟ್ಟ ಮಾತ್ರ ಕೆಟ್ಟ ಜಾಗ, ಭಾಭೀಜಿ," ಅಂದಿದ್ದ ಹರಜೀತ್. "ಕೆಳಗೆ ಮನೆ ಬೆಚ್ಚಗಿದ್ದರೂ ಮೇಲೆ ಹೊರಗಿನಷ್ಟೇ ಚಳಿ. ನಳಿಗೆಯಲ್ಲಿ ನೀರು ನಿಂತರೆ ಮಂಜುಗಡ್ಡೆ. ಅದಕ್ಕೇ ಅದಕ್ಕೆ ದಪ್ಪ ಸ್ಪಂಜು ಸುತ್ತಿದ್ದೇವೆ, ಇಳಿಜಾರು ಕೊಟ್ಟಿದ್ದೇವೆ. ನೀರು ಎಲ್ಲೂ ನಿಲ್ಲಬಾರದು, ಹರಿಯುತ್ತಲೇ ಇರಬೇಕು."

ಈ ಮಾತನ್ನು ನಾನು ತಲೆಯಾಡಿಸಿ ಕೇಳಿ, ಸಂಜೆಯ ಹೊತ್ತಿಗೆ ಮರೆತೆ.

ಮರುವರ್ಷ ನಮ್ಮ ಅತ್ತೆ ಗೌರಮ್ಮ ಬಂದರು. ಎಮ್ಮಿಗನೂರಿನಲ್ಲಿ ಮಾವನವರು ತೀರಿಕೊಂಡ ಮೇಲೆ ಮಗ ಹಟ ಹಿಡಿದು ಕರೆಸಿಕೊಂಡ. ಕಂಪ್ಲಿಯಲ್ಲಿ ಮಗಳು ಸಾವಿತ್ರಿ ಇದ್ದಾಳೆ, ಆದರೆ ಮಗಳ ಮನೆಯಲ್ಲಿ ನೀರು ಕುಡಿಯಬಹುದು, ಬೀಡು ಬಿಡಬಾರದು ಅನ್ನುವ ಕಾಲದವರು ಅವರು. ವಿಮಾನ ಇಳಿದು ಬಂದಾಗ ಅವರ ಬಳಿ ಒಂದು ಕೈಚೀಲ, ಒಂದು ಕೆಂಪು ಪೆಟ್ಟಿಗೆ ಇದ್ದವು. ಚಕ್ರವಿರುವ ಸೂಟ್‌ಕೇಸೇ, ಆದರೆ ಅವರು ಅದನ್ನು ಪೆಟ್ಟಿಗೆ ಅಂತಲೇ ಕರೆಯುತ್ತಿದ್ದರು. ಅದಕ್ಕೆ ಸುತ್ತ ಹಗ್ಗ ಬಿಗಿದಿತ್ತು. ಬಟ್ಟೆ ಜೋಡಿಸಿಡೋಣವೆಂದು ನಾನು ಗಂಟು ಬಿಚ್ಚಲು ಹೋದರೆ ಕೈ ಹಿಡಿದರು.

"ಅದನ್ನ ಬಿಚ್ಚಬ್ಯಾಡ ನೀಲಾ. ಅದು ಇಲ್ಲಿ ಬಿಚ್ಚೂದಲ್ಲ. ಅಟ್ಟಕ್ಕ ಹಾಕಿಸು."

"ಅದರಾಗ ಏನೈತ್ರಿ ಅತ್ತಿ?"

"ನಂದು ಐತಿ. ನಿನಗ್ಯಾಕ?"

ಅಟ್ಟವೆಂದರೆ ನಮಗೆ ಗೊತ್ತಿಲ್ಲದ್ದೇ? ಹಬ್ಬದ ಕೊಪ್ಪರಿಗೆ, ಹಳೆ ತೊಟ್ಟಿಲು, ಬಿತ್ತನೆಯ ಬೀಜ, ಬೇಡವಾದರೂ ಬಿಸಾಕಲು ಮನಸ್ಸು ಬಾರದ ಎಲ್ಲವೂ ಅಟ್ಟಕ್ಕೇ. ಸಂಸಾರ ಎಷ್ಟು ದೊಡ್ಡದೆಂದು ಅಟ್ಟ ನೋಡಿ ಹೇಳಬಹುದು. ಪಂಪಾಪತಿ ಏಣಿ ಇಳಿಸಿ, ಪೆಟ್ಟಿಗೆ ಹೊತ್ತು ಹತ್ತಿ, ಫರ್ನೇಸಿನ ಪಕ್ಕದ ಹಲಗೆಯ ಮೇಲೆ ಇಟ್ಟು ಬಂದರು. ಅಲ್ಲಿ ಬಿಟ್ಟರೆ ಬೇರೆ ಕಡೆಯೆಲ್ಲ ಹತ್ತಿಯಂಥ ನಿರೋಧಕ ತುಂಬಿತ್ತು, ಕಾಲಿಟ್ಟರೆ ಚಾವಣಿ ಒಡೆದು ಕೆಳಗೆ ಬೀಳುವ ಭಯ. ಹಲಗೆಯ ಅಂಚಿನಲ್ಲಿ ಸ್ಪಂಜು ಸುತ್ತಿದ ನಳಿಗೆ ಹಾದಿತ್ತು. ಮೆತ್ತಗಿದೆ, ಪೆಟ್ಟಿಗೆಗೆ ಆಸರೆಯಾಯಿತು ಅಂದುಕೊಂಡರಂತೆ. ಇಂಥ ತಪ್ಪನ್ನು ಈ ದೇಶದವರು ಮಾಡುವುದಿಲ್ಲ. ಅವರ ಅಟ್ಟದಲ್ಲಿ ಯಂತ್ರ ಇರುತ್ತದೆ, ನಮ್ಮ ಅಟ್ಟದಲ್ಲಿ ನಾವೇ ಇರುತ್ತೇವೆ.

ಅತ್ತೆ ಇದ್ದ ದಿನಗಳು ಚೆನ್ನಾಗಿದ್ದವು, ಸುಳ್ಳು ಹೇಳಲಾರೆ. ನಾನು ಬೇಕರಿಯಲ್ಲಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಪಂಜಾಬಿ ಅಂಗಡಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದಿರುತ್ತಿದ್ದರು. ಹಿಟ್ಟಿಗೆ ಜಿಗುಟಿಲ್ಲ ಎಂದು ಅದನ್ನು ಬೆಳೆದವನಿಗೂ ಬೀಸಿದವನಿಗೂ ಸೇರಿಸಿ ಬೈಯುತ್ತಿದ್ದರು. ಇಲ್ಲಿ ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಅತ್ತೆ ಅದನ್ನು ಕಲಿತು, ಬಸ್ಸು ಹತ್ತುವಾಗಲೂ ಹೇಳುತ್ತಿದ್ದರು, ಇಳಿಯುವಾಗಲೂ ಹೇಳುತ್ತಿದ್ದರು. ಬಚ್ಚಲಿಗೆ ತೊಟ್ಟಿಕ್ಕುವ ಫರ್ನೇಸಿನ ನೀರಿಗೆ ಚೊಂಬು ಇಟ್ಟು ಹಿಡಿದು ಗಿಡಕ್ಕೆ ಹಾಕಲು ಹೋಗಿದ್ದರು. ಅದು ಹುಳಿ ನೀರು, ಅದಕ್ಕೇ ಸುಣ್ಣದ ಕಲ್ಲು ಹಾಕಿರುತ್ತಾರೆ ಅಂದಾಗ ಬಾಯಿ ತುಂಬ ನಕ್ಕರು. "ಎಲಿ ಅಡಿಕಿಗೆ ಸುಣ್ಣ ಬೇಕು ಅಂತ ಗೊತ್ತಿತ್ತು. ಹೊಗಿಗೂ ಬೇಕಾ?"

ಆದರೆ ಹಗಲು ಹೊತ್ತು ಅವರ ಜೊತೆ ಮಾತಾಡಲು ಒಬ್ಬರೂ ಇರಲಿಲ್ಲ. ಕಿಟಕಿಯ ಬಳಿ ಕೂತು ಗುಡ್ಡ ನೋಡುತ್ತಿದ್ದರು. "ಯುಗಾದಿಗೆ ಹೋಗ್ತೀನಲ್ಲ," ಅನ್ನುತ್ತಿದ್ದರು. ಯುಗಾದಿ ಬಂತು, ಹೋಯಿತು. "ಶ್ರಾವಣಕ್ಕ ಹೋಗ್ತೀನಲ್ಲ." ಅದೂ ಹೋಯಿತು. ಅಲ್ಲಿ ಯಾರಿದ್ದಾರೆ, ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಗ ಪ್ರತಿ ಸಲ ಕೇಳುತ್ತಿದ್ದ. ಪಂಪಾಪತಿಯದು ಒಂದೇ ಮಾತು: "ಇದಽ ನಮ್ಮ ಮನಿ ಅಂತ ತಿಳ್ಕೋಬೇಕು ಯವ್ವಾ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ರ ನಡಿಯಾಕ ಆಗಂಗಿಲ್ಲ." ನನಗೂ ಅದನ್ನೇ ಹೇಳುತ್ತಿದ್ದರು. ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ಸಹನಾಗೆ ಹೇಳುವ ಅಗತ್ಯವೇ ಇರಲಿಲ್ಲ, ಅವಳ ಎರಡೂ ಕಾಲು ಇಲ್ಲೇ ಇದ್ದವು.

ಆ ಚಳಿಗಾಲದ ನಡುವೆ ಒಂದು ವಾರ ವಿಪರೀತ ಹಿಮಗಾಳಿ ಬೀಸಿತು. ಪಂಪಾಪತಿ ಗಣಿಯ ಪಾಳಿಯಲ್ಲಿದ್ದರು, ಸಹನಾ ಶಾಲೆಯಲ್ಲಿದ್ದಳು, ಬೇಕರಿಗೆ ರಜೆಯಿದ್ದ ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಫರ್ನೇಸ್ ನಿಂತಿತು. ಅದರ ಗೊರಗೊರ ನಿಂತ ಮೇಲೇ ಅಷ್ಟು ದಿನ ಆ ಸದ್ದು ಇತ್ತೆಂದು ತಿಳಿದದ್ದು. ಸ್ವಲ್ಪ ಹೊತ್ತಿಗೆ ಅತ್ತೆಯ ಕೋಣೆಯ ಚಾವಣಿಯಲ್ಲಿ ಕಂದು ಕಲೆ ಮೂಡಿ, ಅವರು ಲಿಂಗಪೂಜೆಗೆ ಕೂರುವ ಮಣೆಯ ಮೇಲೇ ನೀರು ತೊಟ್ಟಿಕ್ಕತೊಡಗಿತು. ಅವರಿಗೆ ಮೊದಲೇ ಉಬ್ಬಸ. ಇದ್ದ ಕಂಬಳಿಗಳನ್ನೆಲ್ಲ ಹೊದಿಸಿದೆ. ತುಟಿ ನೀಲಿಯಾಗುತ್ತಿದ್ದರೂ "ನಂಗೇನಾಗಿಲ್ಲ, ಮಣಿ ಸರಿಸು, ಮಣಿ ತೊಯ್ತೈತಿ," ಅನ್ನುತ್ತಿದ್ದರು. ಆ ಮಧ್ಯಾಹ್ನ ಈ ದೇಶದ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನಾನು ಫೋನು ಮಾಡಿದ ಮೇಲೆ ಹರಜೀತ್ ಬಂದವನೇ ಮೊದಲು ಹೊರಗೆ ಹೋಗಿ ಪೈಪಿನ ಬಾಯಿ ನೋಡಿದ. ಹಿಮ ಕಟ್ಟಿದೆ ಎಂಬ ಅನುಮಾನ ಅವನದು. ಬಾಯಿ ತೆರೆದೇ ಇತ್ತು. ಆಮೇಲೆ ಅಟ್ಟ ಹತ್ತಿದ. ಮೇಲಿಂದ ಅವನ ದನಿ ಬಂತು.

"ಭಾಭೀಜಿ, ಈ ಪೆಟ್ಟಿಗೆ ಯಾರದು?"

ಪೆಟ್ಟಿಗೆಯ ಭಾರಕ್ಕೆ ಸ್ಪಂಜು ಚಪ್ಪಟೆಯಾಗಿ, ನಳಿಗೆ ಜಗ್ಗಿ, ಇಳಿಜಾರು ತಪ್ಪಿ, ಜಗ್ಗಿದ ಕಡೆ ನೀರು ನಿಂತಿತ್ತು. ಹಿಮಗಾಳಿ ಬಂದ ವಾರ ಆ ನೀರು ಗಡ್ಡೆ ಕಟ್ಟಿತು. ಹಿಂದಿನಿಂದ ಬಂದ ನೀರಿಗೆ ದಾರಿ ಇಲ್ಲದೆ ಉಕ್ಕಿ, ಕೆಳಗಿನ ತಟ್ಟೆ ತುಂಬಿ, ಪೆಟ್ಟಿಗೆಯನ್ನು ತೋಯಿಸಿ, ಚಾವಣಿಗೆ ಇಳಿಯಿತು. ಹರಜೀತ್ ಒಂದು ಮಾತೂ ಬೈಯಲಿಲ್ಲ. ನಳಿಗೆ ಬಿಸಿ ಮಾಡಿ ಗಡ್ಡೆ ಕರಗಿಸಿದ, ಹೊಸ ಸ್ಪಂಜು ಸುತ್ತಿದ, ಜೊತೆಗೆ ಬೆಚ್ಚಗಿಡುವ ತಂತಿಯನ್ನೂ ಸುತ್ತಿ, ಮೇಲೆ ಆನಿಕೆ ಕಟ್ಟಿ ಇಳಿಜಾರು ಸರಿಮಾಡಿದ. ಯಂತ್ರ ಮತ್ತೆ ಗೊರಗುಟ್ಟಿತು. "ಅಟ್ಟದಲ್ಲಿ ಏನನ್ನೂ ಇಡಬೇಡಿ. ಇಡಲೇಬೇಕಾದರೆ ನಳಿಗೆಯಿಂದ ದೂರ ಇಡಿ," ಅಂದು ಪೆಟ್ಟಿಗೆಯನ್ನು ಇಳಿಸಿಕೊಟ್ಟು ಹೋದ.

ಪೆಟ್ಟಿಗೆಯಿಂದ ನೀರು ಸೋರುತ್ತಿತ್ತು. ಅತ್ತೆ ಕಂಬಳಿ ಸರಿಸಿ ಎದ್ದು ಬಂದರು. ಹಗ್ಗದ ಗಂಟು ತಾವೇ ಬಿಚ್ಚಿದರು.

ಒಳಗೆ ಇದ್ದದ್ದು ಒಂದು ಹೊಸ ಹಸಿರು ಸೀರೆ, ಮಡಿಕೆ ಬಿಚ್ಚದ್ದು. ಬಟ್ಟೆಯಲ್ಲಿ ಸುತ್ತಿದ ವಿಭೂತಿ ಗಟ್ಟಿಗಳು. ಒಣಗಿದ ಬಿಲ್ವಪತ್ರೆ. ಮಾವನವರ ಹಳೆ ರುಮಾಲು. ಭಾರಕ್ಕೆ ಕಾರಣ ತಳದಲ್ಲಿದ್ದ ಹಿತ್ತಾಳೆಯ ತಂಬಿಗೆ ಮತ್ತು ಸಮೆ, ಅಂದರೆ ದೀಪದ ಕಂಬ. ವಿಭೂತಿ ನೆನೆದು ರಾಡಿಯಾಗಿತ್ತು. ಸೀರೆಯ ಸೆರಗಿಗೆ ಅಟ್ಟದ ಕಂದು ನೀರು ಹತ್ತಿತ್ತು.

ನೋಡಿದೊಡನೆ ನನಗೆ ಅರ್ಥವಾಯಿತು. ನಮ್ಮಲ್ಲಿ ಹೆಣ್ಣು ತೀರಿಕೊಂಡರೆ ಕೊನೆಯ ಸೀರೆ ತವರುಮನೆಯಿಂದ ಬರಬೇಕು. ಅತ್ತೆಯ ತವರು ಗಾದಿಗನೂರು. ಅಲ್ಲಿ ಉಳಿದಿದ್ದವರು ಒಬ್ಬ ಅಣ್ಣ, ಅವರಿಗೂ ವಯಸ್ಸಾಗಿತ್ತು.

"ಬರೂ ಮುಂದ ಅಣ್ಣನ ಮನಿಗೆ ಹೋಗಿದ್ದೆ," ಅಂದರು ಅತ್ತೆ. ಸೆರಗನ್ನು ಬೆರಳಿನಿಂದ ಉಜ್ಜುತ್ತಿದ್ದರು. "ನಾ ಹೋದಾಗ ನೀ ಇರ್ತೀಯೋ ಇಲ್ಲೋ, ನನ್ನ ಸೀರಿ ಈಗಽ ಕೊಟ್ಬಿಡು ಅಂದೆ. ಅವ ಅತ್ತುಕೊಂತ ಕೊಟ್ಟ. ಈಗ ಅವನೂ ಇಲ್ಲ."

"ಅತ್ತಿ, ಇಂಥ ಮಾತು ಯಾಕ್ರಿ? ನಾವಿಲ್ಲೇನು?"

"ನೀವದೀರಿ ತಾಯಿ. ಮಣ್ಣು?" ಕಿಟಕಿಯ ಹೊರಗೆ ಕೈ ತೋರಿಸಿದರು. ಹಿಮದಲ್ಲಿ ಬೇಲಿಯ ತುದಿ ಮಾತ್ರ ಕಾಣುತ್ತಿತ್ತು. "ಈ ಮಣ್ಣಾಗ ಕುಂದ್ರಸಾಕ ಕುಣಿ ತೋಡ್ತಾರೇನು? ಇಲ್ಲಿ ಪೆಟ್ಟಿಗಿಯಾಗ ಮಕ್ಕೊಳಿಸಿ ಹೂಳ್ತಾರಂತ. ನಿಮ್ಮ ಮಾವ ಅಲ್ಲಿ ಕಾಲುವಿ ದಂಡಿ ಹೊಲದಾಗ ಕುಂತಾರ. ನಾ ಇಲ್ಲಿ ಮಕ್ಕೊಂಡಿರ್ಲೇನು?"

ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಕೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರೆ, ಉಪ್ಪು ಹಾಕಿ. ಮಾವನವರ ಪಕ್ಕದಲ್ಲಿ ಒಂದು ಕುಣಿಯಷ್ಟು ಜಾಗವನ್ನು ಉಳುವಾಗಲೂ ಬಿಡುತ್ತಿದ್ದರೆಂದು ನನಗೆ ಗೊತ್ತಿತ್ತು. ಯಾತಕ್ಕೆಂದು ನಾನು ಕೇಳಿರಲಿಲ್ಲ. ಈಗ ಅವರ ಕಾಲ ಬಳಿ ಕುಳಿತೆ. ಇಬ್ಬರೂ ಸೇರಿ ಸೀರೆ ಹಿಂಡಿದೆವು. ಬಿಸಿಗಾಳಿ ಬರುವ ಜಾಲರಿಯ ಕೆಳಗೆ ಎರಡು ಕುರ್ಚಿಗಳ ನಡುವೆ ಅದನ್ನು ಒಣಹಾಕಿದೆವು. ಒಣಗಿತು. ಕಲೆ ಹೋಗಲಿಲ್ಲ.

ಪಾಳಿ ಮುಗಿಸಿ ಬಂದ ಪಂಪಾಪತಿ ಕುರ್ಚಿಗಳ ಮೇಲೆ ಹರಡಿದ್ದ ಸೀರೆ ನೋಡಿ ಬೂಟು ಕೂಡ ಬಿಚ್ಚದೆ ನಿಂತರು. ನಾನು ನಡೆದದ್ದನ್ನು ಹೇಳಿದೆ.

"ಯವ್ವಾ, ಅಲ್ಲಿ ಹೋಗಿ ಒಬ್ಬಾಕಿನಽ ಏನು ಮಾಡ್ತಿ?"

"ಸಾವಿತ್ರಿ ಮನಿಯಾಗ ಇರ್ತೀನಿ."

"ಮಗಳ ಮನಿಯಾಗ ಇರೂದಿಲ್ಲ ಅಂತಿದ್ದಿ?"

"ಲೇ ಪಂಪಾ, ಬಾಳ್ವಿ ಮಾಡಾಕ ಮಗಳ ಮನಿಗೆ ಹೋಗಬಾರದು. ನಾ ಬಾಳ್ವಿ ಮಾಡಾಕ ಹೊಂಟಿಲ್ಲ."

ಪಂಪಾಪತಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡರು. ಗಂಡಸರು ಅಳಲು ನೀರಿನ ಸದ್ದು ಬೇಕಾಗುತ್ತದೆ, ಅದು ಎಲ್ಲ ದೇಶದಲ್ಲೂ ಒಂದೇ.

ಯುಗಾದಿಗೆ ಮೊದಲು ಅತ್ತೆಯನ್ನು ನಾನೇ ಕರೆದುಕೊಂಡು ಹೋದೆ. ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಮುಖಕ್ಕೆ ರಾಚಿತು. ಅತ್ತೆ ಉದ್ದಕ್ಕೆ ಉಸಿರೆಳೆದುಕೊಂಡರು. ಕಾಮ್‌ಲೂಪ್ಸಿನಲ್ಲಿ ಕೀರಲು ಬರುತ್ತಿದ್ದ ಆ ಎದೆಯಿಂದ ಅಷ್ಟು ದೊಡ್ಡ ಉಸಿರು ಬಂದದ್ದು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಕಂಪ್ಲಿ ದಾರಿಯ ಉದ್ದಕ್ಕೂ ಬೇಸಿಗೆ ಭತ್ತ ಹಸಿರಾಗಿ ನಿಂತಿತ್ತು. ಆಟೋದವನಿಗೆ ಇಳಿಯುವಾಗ ಅತ್ತೆ "ಥ್ಯಾಂಕ್ಯೂ" ಅಂದರು. "ಏನಮ್ಮಾ, ಫಾರಿನ್ನಿಂದ ಬಂದೀರೇನು?" ಎಂದು ಅವನು ನಕ್ಕ. ಸಾವಿತ್ರಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಮಾತ್ರ ಎಲ್ಲರೂ "ಯಾವಾಗ ವಾಪಸ್ಸು?" ಎಂದೇ ಮಾತಾಡಿಸಿದರು. ಕುಂದ್ರಿ, ಚಾ ಕುಡೀರಿ ಅನ್ನುವ ಮೊದಲೇ ಅದು. ಹೊರಡುವ ದಿನ ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟು, "ಅಟ್ಟದ ಮ್ಯಾಲೆ ಏನೂ ಇಡಬ್ಯಾಡ್ರಿ," ಅಂದರು. ಅವರು ನನಗೆ ಎದುರಿಗೆ ಹೇಳಿದ ಕೊನೆಯ ಮಾತು ಅದೇ.

ಶ್ರಾವಣದಲ್ಲಿ ಹೋದರು. ನಮ್ಮಲ್ಲಿ ಕಾಯುವುದಿಲ್ಲ, ಸಂಜೆಯೊಳಗೆ ಮಣ್ಣಾಗಬೇಕು. ಭೂಮಿಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಅಷ್ಟರಲ್ಲಿ ಮುಟ್ಟಿಸುವ ವಿಮಾನ ಇನ್ನೂ ಬಂದಿಲ್ಲ. ಒಬ್ಬನೇ ಮಗ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಫೋನು ಆನಿಸಿ ತಾಯಿಯ ಮಣ್ಣು ನೋಡಿದ. ಅಯ್ಯನವರ ಮಂತ್ರ ತುಂಡುತುಂಡಾಗಿ ಕೇಳುತ್ತಿತ್ತು. ಚಿತ್ರ ನಿಂತು ನಿಂತು ಬರುತ್ತಿತ್ತು. ಹಸಿರು ಸೀರೆ ಉಟ್ಟು ಅತ್ತೆ ಮಾವನ ಪಕ್ಕದಲ್ಲಿ ನೆಟ್ಟಗೆ ಕುಳಿತಿದ್ದರು. ಪಂಪಾಪತಿ ಮುಷ್ಟಿಯಲ್ಲಿ ಅಡುಗೆಯ ಉಪ್ಪು ಹಿಡಿದುಕೊಂಡು, ಎಲ್ಲಿ ಹಾಕಬೇಕೆಂದು ತಿಳಿಯದೆ, ಮುಗಿಯುವವರೆಗೂ ಹಾಗೇ ನಿಂತಿದ್ದರು. ಆಮೇಲೆ ಸಾವಿತ್ರಿ ಫೋನಿನಲ್ಲಿ ಅಳುತ್ತ ಹೇಳಿದಳು: "ಎಷ್ಟು ತೊಳದ್ರೂ ಸೆರಗಿನ ಕಲಿ ಹೋಗಲಿಲ್ಲ ವೈನಿ. ಆದ್ರೂ ಅದನ್ನಽ ಉಡಿಸೀವಿ. ತವರಿಂದು ಅಲ್ಲೇನು?" ನಮ್ಮ ಅಟ್ಟದ ನೀರು ಎಮ್ಮಿಗನೂರಿನ ಮಣ್ಣಿಗೆ ಹಾಗೆ ಸೇರಿತು.

ಮತ್ತೆ ಚಳಿ ಬರುವ ಮುನ್ನ ಹರಜೀತ್ ಫರ್ನೇಸ್ ನೋಡಲು ಬಂದ. ಅತ್ತೆಯ ಸುದ್ದಿ ಕೇಳಿ ಟೋಪಿ ತೆಗೆದ. ಅಟ್ಟ ಹತ್ತಿ ಇಳಿದು ಕೈ ಒರೆಸಿಕೊಳ್ಳುತ್ತ, "ಎಲ್ಲ ಸರಿ ಇದೆ ಭಾಭೀಜಿ. ಹೊಗೆ ಹೋಗುತ್ತಿದೆ, ನೀರು ಇಳಿಯುತ್ತಿದೆ. ಆ ಪೆಟ್ಟಿಗೆಯನ್ನೂ ಸರಿಯಾಗಿ ಇಟ್ಟಿದ್ದೀರಿ, ನಳಿಗೆಯಿಂದ ದೂರ, ಕೆಳಗೆ ಬೇರೆ ಹಲಗೆ ಹಾಕಿ. ಅಲ್ಲಿದ್ದರೆ ತೊಂದರೆ ಇಲ್ಲ," ಅಂದ.

"ಯಾವ ಪೆಟ್ಟಿಗೆ?" ಅಂದೆ.

ಅವನು ಹೋದ ಮೇಲೆ ಏಣಿ ಹತ್ತಿದೆ. ಅಟ್ಟದ ದೂರದ ಮೂಲೆಯಲ್ಲಿ ಪಂಪಾಪತಿ ದೋಣಿಮಲೈಯಿಂದ ಬರುವಾಗ ತಂದಿದ್ದ ಕಪ್ಪು ಪೆಟ್ಟಿಗೆ ಇತ್ತು. ಮೊದಲು ಮಂಚದ ಕೆಳಗೆ ಖಾಲಿ ಬಿದ್ದಿದ್ದದ್ದು ಅದು. ಈಗ ಅದಕ್ಕೆ ಸುತ್ತ ಹಗ್ಗ ಬಿಗಿದಿತ್ತು, ಅವರವ್ವ ಬಿಗಿದಿದ್ದ ಹಾಗೆಯೇ. ಎತ್ತಿ ನೋಡಿದೆ. ಖಾಲಿ ಇರಲಿಲ್ಲ. ಗಂಟಿಗೆ ಕೈ ಹಾಕಿದವಳು, ಅದು ಇಲ್ಲಿ ಬಿಚ್ಚುವುದಲ್ಲ ಎಂದು ನೆನಪಾಗಿ ಕೈ ತೆಗೆದೆ.

ಸಂಜೆ ರೊಟ್ಟಿ ಮುರಿಯುತ್ತ ಅವರು ಕೇಳಿದರು, "ಫರ್ನೇಸ್ ಎಲ್ಲಾ ಬರೋಬ್ಬರಿ ಐತಂತೇನು?"

"ಐತಂತ್ರಿ. ನಳಿಗಿ ಮ್ಯಾಲೆ ಏನೂ ಇಲ್ಲಂತ."

ಅವರು ತಲೆ ಎತ್ತಲಿಲ್ಲ. ಎದುರಿಗೆ ಕುಳಿತಿದ್ದ ಸಹನಾ ಬರುವ ಚಳಿಗಾಲಕ್ಕೆ ಹೊಸ ಸ್ಕೇಟು ಬೇಕೆಂದು ವರಾತ ತೆಗೆದಿದ್ದಳು. ನಾವಿಬ್ಬರೂ ಅಲ್ಲಿ ಹೋಗಿ ಕೂತರೆ ಹೂ ಹಾಕಲು ಈ ಹುಡುಗಿ ಎಲ್ಲಿಂದ ಎಲ್ಲಿಗೆ ಬರಬೇಕು? ಇಲ್ಲೇ ಮಲಗಿದರೆ, ಆ ಕಾಲುವೆ ದಂಡೆಯಲ್ಲಿ ಅವರಿಬ್ಬರೇ ಎಷ್ಟು ಕಾಲ ಕೂತಿರಬೇಕು? ಓದುವ ನಿಮ್ಮ ಬಳಿ ಉತ್ತರ ಇದ್ದರೆ ತಿಳಿಸಿ.

ಮರುದಿನ ಅವರು ಗಣಿಗೆ, ಇವಳು ಶಾಲೆಗೆ ಹೋದ ಮೇಲೆ, ಅತ್ತೆಯನ್ನು ಬಿಡಲು ಹೋದಾಗ ನನ್ನ ತವರು ಕಂಪ್ಲಿಯಲ್ಲಿ ತಮ್ಮ ಕೊಟ್ಟಿದ್ದ, ಇನ್ನೂ ಉಡದ ಸೀರೆಯನ್ನು ಬೀರುವಿನಿಂದ ತೆಗೆದೆ. ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿದೆ. ಏಣಿ ಹತ್ತಿ ಅದನ್ನು ಕಪ್ಪು ಪೆಟ್ಟಿಗೆಯ ಪಕ್ಕದಲ್ಲಿ, ಅದೇ ಹಲಗೆಯ ಮೇಲೆ ಇಟ್ಟೆ. ಆಮೇಲೆ ಇಳಿದು ಬಂದು ಬೇಕರಿಗೆ ಹೋಗುವ ಬಸ್ಸು ಹಿಡಿದೆ.